ಉಗ್ರಾಣದಲ್ಲಿ ಸಿಕ್ಕ ಹತ್ತರಿ

ಎರಡು ವರ್ಷದ ಹಿಂದೆ, ಮಳೆ ಹಿಡಿಯೋಕೆ ಮುಂಚೆ, ಕೊಟ್ಟಿಗೆಹಾರದ ಕಡೆ ಒಂದು ಹಳೇ ಎಸ್ಟೇಟ್ ಬಂಗಲೆಗೆ ಬಾಗಿಲು ರಿಪೇರಿ ಮಾಡಲು ಹೋಗಿದ್ದೆ. ಉಗ್ರಾಣದಲ್ಲಿ ಗೊಬ್ಬರದ ಖಾಲಿ ಚೀಲಗಳ ಅಡಿಯಲ್ಲಿ ಮರ ಹೆರೆದು ನಯ ಮಾಡುವ ಒಂದು ಕಬ್ಬಿಣದ ಹತ್ತರಿ ಬಿದ್ದಿತ್ತು. ಇಡೀ ಮೈ ಕೆಂಪಗೆ ತುಕ್ಕು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನೋಡಿ, "ತಗೊಂಡ್ಹೋಗಿ ಆಚಾರ್ರೇ, ಹೆಂಗಿದ್ರೂ ಗುಜರಿಗೆ ಹಾಕೋದೇ" ಅಂದರು. ಅವತ್ತಿನ ಕೂಲಿಗಿಂತ ಅದೇ ನನಗೆ ದೊಡ್ಡದಾಗಿ ಕಂಡಿತು.

ಮೂಡಿಗೆರೆಯ ನನ್ನ ಅಂಗಡಿಗೆ ತಂದು ತಂತಿ ಬ್ರಷ್‌ನಲ್ಲಿ ಉಜ್ಜಿದಾಗ ಮುಂದುಗಡೆ 'ನಂ. 5' ಅಂತ ಕಂಡಿತು. ಫ್ರಾಗ್ ಅಂತ ಕರೆಯುವ ಭಾಗ, ಅಂದರೆ ಬ್ಲೇಡ್ ಒರಗುವ ಓರೆ ಎರಕ, ಅದರ ಹಿಂದೆ ಮೂರು ಪೇಟೆಂಟ್ ತಾರೀಕು. 1902ರ ಮಾರ್ಚ್ 25, ಅದೇ ವರ್ಷದ ಆಗಸ್ಟ್ 19, 1910ರ ಏಪ್ರಿಲ್ 19. ಈ ಮೂರೂ ಇದ್ದರೆ ಅದು ಅಮೆರಿಕದ ಸ್ಟ್ಯಾನ್ಲಿ ಕಂಪನಿ 1910ರಿಂದ 1918ರ ಆಸುಪಾಸಿನಲ್ಲಿ ಮಾಡಿದ್ದು. ಉದ್ದ 14 ಇಂಚು, ಬ್ಲೇಡ್ ಅಗಲ 2 ಇಂಚು.

ಆದರೆ ಅರ್ಧ ಹತ್ತರಿ ಮಾತ್ರ ಇತ್ತು. ಮುಂದೆ ಕೈಯಿಡುವ ದುಂಡನೆಯ ಮರದ ಗುಬಟು ಇಲ್ಲ, ಅದನ್ನು ಹಿಡಿಯುವ ಕಂಬಿಯೂ ಇಲ್ಲ. ಹಿಂದಿನ ಹಿಡಿಯ ಮೇಲ್ತುದಿ ಮುರಿದು ಹೋಗಿತ್ತು. ಬ್ಲೇಡನ್ನು ಒತ್ತಿ ಹಿಡಿಯುವ ಲಿವರ್ ಕ್ಯಾಪ್ ಇಲ್ಲ. ಫ್ರಾಗನ್ನು ತಳಕ್ಕೆ ಬಿಗಿಯುವ ಎರಡು ಸ್ಕ್ರೂಗಳಲ್ಲಿ ಒಂದು ಇಲ್ಲ. ಬ್ಲೇಡ್ ಇತ್ತು, ಆದರೆ ಮಸೆದೂ ಮಸೆದೂ ಸವೆದು ಅದರ ನಡುವಿನ ಸೀಳಿನ ಹತ್ತಿರಕ್ಕೆ ಬಂದಿತ್ತು.

ಇಂಥದ್ದು ಕೈಗೆ ಸಿಕ್ಕರೆ ಎಲ್ಲರೂ ಮೊದಲು ಇಲ್ಲದ್ದನ್ನು ಎಣಿಸುತ್ತಾರೆ. ನಾನು ಮೊದಲು ನೋಡುವುದು ಇರುವುದು ಗಟ್ಟಿ ಇದೆಯಾ ಅಂತ. ತಳವನ್ನು ಬೆರಳಲ್ಲಿ ತೂಗಾಡಿಸಿ ಕೊಡತಿ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಗಂಟೆ ಥರ ನಾದ ಬಂತು. ಬಿರುಕು ಬಿಟ್ಟಿದ್ದರೆ ಒಡೆದ ಮಡಕೆ ಸದ್ದು ಬರುತ್ತದೆ. ಬಾಯಿಯ, ಅಂದರೆ ತಳದಲ್ಲಿ ಬ್ಲೇಡ್ ಹೊರಚಾಚುವ ಸೀಳಿನ, ನಾಲ್ಕು ಮೂಲೆಗೂ ಸೀಮೆಎಣ್ಣೆ ಹಚ್ಚಿ ಒರೆಸಿ ನೋಡಿದೆ. ಬಿರುಕಿದ್ದರೆ ಎಣ್ಣೆ ಅಲ್ಲಿಂದ ಗೆರೆಯಾಗಿ ಜಿನುಗುತ್ತದೆ. ಏನೂ ಇರಲಿಲ್ಲ. ತಳ ಸರಿ ಇದ್ದರೆ ಉಳಿದದ್ದೆಲ್ಲ ಹೇಗಾದರೂ ಹೊಂದಿಸಬಹುದು. ತಳವೇ ಒಡೆದಿದ್ದರೆ ಎಷ್ಟು ಪಾಲಿಶ್ ಹೊಡೆದರೂ ಅದು ಶೋಕೇಸಿಗೇ ಸರಿ.

ತುಕ್ಕು ತೆಗೆಯಲು ನಿಂಬೆ ಉಪ್ಪು ಸಾಕು. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ. ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿ, ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡುತ್ತಿದ್ದೆ. ಹಿಂದೆ ಒಂದು ಚಿಕ್ಕ ಹತ್ತರಿಯನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ಬಿಟ್ಟು ಮೈಯೆಲ್ಲ ತಿಂದು ಹಾಕಿತ್ತು, ಆ ನೋವು ಇನ್ನೂ ಇದೆ. ಮೂರು ಗಂಟೆಗೆ ಕೆಲಸ ಆಯಿತು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒಲೆ ಪಕ್ಕ ಬಿಸಿ ಮಾಡಿ, ಬಿಸಿ ಇರುವಾಗಲೇ ಮೆಷಿನ್ ಎಣ್ಣೆ ಸವರಿದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ಹತ್ತು ನಿಮಿಷ ತಡ ಮಾಡಿದರೂ ಹೊಸ ತುಕ್ಕು ಹಳದಿಯಾಗಿ ಏಳುತ್ತದೆ.

ಸ್ಕ್ರೂ ವಿಷಯದಲ್ಲಿ ಜಾಸ್ತಿ ದಿನ ಹೋಯಿತು. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಆ ಅಳತೆ ಸಿಗುವುದಿಲ್ಲ. ಹಳೇ ಸ್ಟ್ಯಾನ್ಲಿಗಳಲ್ಲಿ ಫ್ರಾಗಿಗೂ ಹಿಡಿಗೂ ಗುಬಟಿಗೂ ಕಂಪನಿ ತನ್ನದೇ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಇಟ್ಟಿತ್ತು. ದಪ್ಪ ಸುಮಾರು ಐದೂವರೆ ಮಿಲಿಮೀಟರ್, ಒಂದು ಇಂಚಿಗೆ 20 ಸುತ್ತು. ಐದು ಎಂಎಂ ಬೋಲ್ಟ್ ಹಾಕಿದರೆ ಲೊಡಲೊಡ, ಆರು ಎಂಎಂ ಒಳಗೇ ಹೋಗುವುದಿಲ್ಲ. ಚಿಕ್ಕಮಗಳೂರಿನ ಲೇತ್ ಅಂಗಡಿಗೆ ತಗೊಂಡು ಹೋದೆ. ಅಲ್ಲಿಯ ಟರ್ನರ್, "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ ಆಚಾರ್ರೇ? ಡ್ರಿಲ್ ಹಾಕಿ ಆರು ಎಂಎಂ ಟ್ಯಾಪ್ ಹೊಡ್ದು ಕೊಡ್ತೀನಿ, ಐದು ನಿಮಿಷದ ಕೆಲಸ" ಅಂದರು.

ಅಂದರೆ ತೂತನ್ನು ದೊಡ್ಡದು ಮಾಡಿ ಹೊಸ ಮರೆ ಕೊರೆಯುವುದು. ನಾನು ಒಪ್ಪಲಿಲ್ಲ. ತೂತಿನ ಸುತ್ತ ಇರುವ ಎರಕದ ಗೋಡೆ ತೆಳು. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಅದಕ್ಕಿಂತ ಮುಖ್ಯ, ಮುಂದೆ ಯಾರಿಗಾದರೂ ಇದರ ಅಸಲಿ ಸ್ಕ್ರೂ ಸಿಕ್ಕರೆ ಅದು ಕೂರಬೇಕು ಅಲ್ವಾ? ತೂತಿಗೆ ತಕ್ಕಂತೆ ಸ್ಕ್ರೂ ಮಾಡಬೇಕೇ ಹೊರತು, ಸ್ಕ್ರೂಗೆ ತಕ್ಕಂತೆ ತೂತು ಕೆಡಿಸಬಾರದು. ಉಳಿದಿದ್ದ ಒಂದು ಫ್ರಾಗ್ ಸ್ಕ್ರೂವನ್ನೇ ಮಾದರಿಗೆ ಕೊಟ್ಟೆ. ಅವರು ಮರೆಗೆ ಗೇಜ್ ಹಿಡಿದು ನೋಡಿ, ಗೇರ್ ಬದಲಾಯಿಸಿ, ಒಂದು ಉಕ್ಕಿನ ಸ್ಕ್ರೂ, ಗುಬಟಿಗೆ ಒಂದು ಕಂಬಿ, ಅದಕ್ಕೊಂದು ಹಿತ್ತಾಳೆ ನಟ್ಟು ಕೊರೆದು ಕೊಟ್ಟರು. ಮಧ್ಯಾಹ್ನ ಊಟ ಬಿಟ್ಟು ಮಾಡಿದರು. ಕೊನೆಗೆ ಸ್ಕ್ರೂ ಬೆರಳಲ್ಲೇ ತಿರುಗಿ ಒಳಗೆ ಇಳಿದಾಗ ನನಗಿಂತ ಅವರಿಗೇ ಖುಷಿ.

ಲಿವರ್ ಕ್ಯಾಪ್ ಹಾಸನದ ಗುಜರಿಯಲ್ಲಿ ಸಿಕ್ಕಿತು. ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಹುಡುಕಾಟ ಸುಲಭ. ನಂ. 4 ಮತ್ತು ನಂ. 5 ಎರಡರ ಬ್ಲೇಡೂ 2 ಇಂಚೇ, ಹಾಗಾಗಿ ಬ್ಲೇಡ್, ಅದರ ಮೇಲಿನ ತಗಡು, ಲಿವರ್ ಕ್ಯಾಪ್ ಅದಲುಬದಲಾಗುತ್ತವೆ. ನಂ. 5ರ ಭಾಗಕ್ಕೆ ನಂ. 5ನ್ನೇ ಹುಡುಕಬೇಕಿಲ್ಲ. ಕೆಳಗೆ ಬಿದ್ದು ಬಾಯಿ ಹತ್ತಿರ ಎರಡಾಗಿದ್ದ, ನಮ್ಮ ದೇಶದಲ್ಲೇ ಮಾಡಿದ ಒಂದು ನಂ. 4ನ್ನು ಕಬ್ಬಿಣದ ತೂಕಕ್ಕೆ ಕೊಂಡೆ. ಅದರ ಲಿವರ್ ಕ್ಯಾಪ್ ಸರಿಯಾಗಿ ಕೂತಿತು. ಬ್ಲೇಡ್ ಮಾತ್ರ ಹೊಸದು ತಂದೆ, ಹಳೆಯದರಷ್ಟೇ ದಪ್ಪದ್ದು. ದಪ್ಪ ಬ್ಲೇಡ್ ಒಳ್ಳೇದು ಅಂತ ಹಾಕಲು ಹೋದರೆ ಬಾಯಿ ಕಟ್ಟಿಕೊಳ್ಳುತ್ತದೆ. ಬ್ಲೇಡನ್ನು ಮುಂದೆ ಹಿಂದೆ ತಳ್ಳುವ ಕವಲೂ ಮೇಲಿನ ತಗಡಿನ ಸೀಳಿಗೆ ಎಟುಕುವುದಿಲ್ಲ.

ಹಿಡಿ ಅಸಲಿ ಬೀಟೆ ಜಾತಿಯದು. ಮುರಿದ ತುದಿಗೆ ಬೇರೆ ಮರ ಹಾಕಲು ಮನಸ್ಸು ಬರಲಿಲ್ಲ. ನಮ್ಮ ಮನೆಯ ಹಳೇ ಮಂಚದ ಕಾಲಿನ ಬೀಟೆ ತುಂಡು ಇತ್ತು. ಹಿಡಿಯಲ್ಲಿ ಮರದ ಎಳೆ ತಳಕ್ಕೆ ಸಮನಾಗಿ, ಮುಂದಿಂದ ಹಿಂದಕ್ಕೆ ಓಡಬೇಕು. ತುಂಡನ್ನೂ ಹಾಗೇ ಎಳೆ ನೋಡಿ ಇಟ್ಟೆ. ಬೀಟೆಯಲ್ಲಿ ಎಣ್ಣೆ ಅಂಶ ಇದೆ, ಅದಕ್ಕೇ ಅಂಟು ಕೈಕೊಡುತ್ತದೆ. ಎರಡೂ ಮುಖ ಸಪಾಟು ಮಾಡಿ, ಥಿನ್ನರ್‌ನಲ್ಲಿ ಒರೆಸಿ, ತಕ್ಷಣ ಅರಾಲ್ಡೈಟ್ ಹಚ್ಚಿ ಬಿಗಿದೆ. ಮಾರನೇ ದಿನ ಅರದಲ್ಲಿ ರೂಪ ಕೊಟ್ಟೆ.

ಗುಬಟಿಗೆ ಕಾಫಿ ಮರ. ರೋಬಸ್ಟಾ ಗಿಡದ ಬುಡದ ತುಂಡೊಂದು ಅಟ್ಟದ ಮೇಲೆ ಎರಡು ವರ್ಷದಿಂದ ಹೊಗೆ ಕುಡಿಯುತ್ತಿತ್ತು. ಕಾಫಿ ಮರ ಗಟ್ಟಿ, ಎಳೆ ನುಣುಪು, ಆದರೆ ಒಣಗುವಾಗ ನಡುವಿನ ತಿರುಳಿಂದ ಸೀಳು ಬಿಡುತ್ತದೆ. ಅದಕ್ಕೆ ಕಂಬಿಯ ತೂತನ್ನು ಸರಿಯಾಗಿ ತಿರುಳಿನ ಮೇಲೇ ಕೊರೆದೆ, ತಿರುಳೇ ಹೊರಟುಹೋಯಿತು. ಆಮೇಲೆ ಕಂಬಿ ಸಮೇತ ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ, ತಿರುಗುವಾಗ ಅರ ಹಿಡಿದು ದುಂಡಗೆ ಮಾಡಿದೆ. ಆ ಕಾಲದ ಹತ್ತರಿಗಳಿಗೆ ಗುಬಟು ಕುಳ್ಳಗೆ ಇರುತ್ತಿತ್ತು, ಎತ್ತರದ್ದು ಬಂದದ್ದು ಆಮೇಲೆ. ಅದಕ್ಕೇ ನಾನೂ ಕುಳ್ಳಗೇ ಮಾಡಿದೆ.

ತಳ ಸಪಾಟು ಮಾಡಲು ಅಡುಗೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು, ಅದರ ಮೇಲೆ 80 ನಂಬರ್ ಉಪ್ಪುಕಾಗದ. ಬ್ಲೇಡ್ ಒಳಗೆಳೆದು, ಲಿವರ್ ಕ್ಯಾಪ್ ಕೆಲಸದ ಹೊತ್ತಿನಷ್ಟೇ ಬಿಗಿದು ಉಜ್ಜಬೇಕು, ಯಾಕೆಂದರೆ ಆ ಬಿಗಿಗೆ ತಳ ಕೂದಲೆಳೆಯಷ್ಟು ಬಾಗುತ್ತದೆ. ಮುಂತುದಿ, ಬಾಯಿಯ ಮುಂಭಾಗ, ಹಿಂತುದಿ ಈ ಮೂರು ಕಡೆ ಹೊಳಪು ಬಂದರೆ ಸಾಕು. ನಡುವೆ ತಗ್ಗು ಇದ್ದರೆ ಇರಲಿ.

ಎಲ್ಲ ಜೋಡಿಸಿ ಹಲಸಿನ ಹಲಗೆ ಮೇಲೆ ತಳ್ಳಿದೆ. ಕಟಕಟ ಅಂತ ನಡುಗಿತು, ಹಲಗೆ ಮೇಲೆ ಅಲೆ ಅಲೆ ಗುರುತು. ಬ್ಲೇಡ್ ಮತ್ತೆ ಮಸೆದೆ, ಅದೇ ಕಥೆ. ಎಲ್ಲ ಬಿಚ್ಚಿ, ಫ್ರಾಗಿನ ಕೆಳಮುಖಕ್ಕೆ ಮನೆಯಲ್ಲಿದ್ದ ಕಾಡಿಗೆ ತೆಳ್ಳಗೆ ಸವರಿ, ತಳದ ಮೇಲೆ ಅದರ ಜಾಗದಲ್ಲಿ ಕೂರಿಸಿ ಎತ್ತಿದೆ. ನಾಲ್ಕು ಕಡೆ ಕಪ್ಪು ಹತ್ತಬೇಕಿತ್ತು, ಎರಡೇ ಕಡೆ ಹತ್ತಿತ್ತು, ಅದೂ ಓರೆಯಾಗಿ. ಕುಂಟು ಮಣೆ ಥರ ಕೂತಿತ್ತು ಅದು. ಕಪ್ಪು ಹತ್ತಿದ ಜಾಗವನ್ನು ಸಣ್ಣ ಅರದಲ್ಲಿ ಎರಡು ಸಲ ಎಳೆಯುವುದು, ಒರೆಸುವುದು, ಮತ್ತೆ ಕಾಡಿಗೆ, ಮತ್ತೆ ಕೂರಿಸುವುದು. ಒಂದು ಭಾನುವಾರ ಪೂರ್ತಿ ಇದೇ. ಸಂಜೆಗೆ ನಾಲ್ಕೂ ಕಡೆ ಕಪ್ಪು ಬಂತು. ಮೇಲಿನ ತಗಡಿನ ಅಂಚನ್ನೂ ಬೆಳಕಿಗೆ ಹಿಡಿದು ನೋಡಿ, ಬ್ಲೇಡಿನ ಮೇಲೆ ಸಂದಿಲ್ಲದೆ ಕೂರುವ ಹಾಗೆ ಸಾಣೆಕಲ್ಲಿನಲ್ಲಿ ಉಜ್ಜಿದೆ. ಆಮೇಲೆ ತಳ್ಳಿದಾಗ ಸದ್ದು ಬದಲಾಯಿತು. ಹಲಸಿನ ಹಳದಿ ಸುರುಳಿ ಹಲಗೆಯ ಉದ್ದಕ್ಕೂ ತುಂಡಾಗದೆ ಬಂತು, ಅದರ ಮೂಲಕ ಬೆರಳು ಕಾಣುವಷ್ಟು ತೆಳು.

ಈಗ ಇದು ದಿನಾ ಕೆಲಸದಲ್ಲಿದೆ. ಮಳೆಗಾಲದಲ್ಲಿ ಸಂಜೆ ಎಣ್ಣೆ ಬಟ್ಟೆಯಲ್ಲಿ ಒರೆಸದೆ ಅಂಗಡಿ ಬಾಗಿಲು ಹಾಕುವುದಿಲ್ಲ. ಹೋದ ಬೇಸಿಗೆಯಲ್ಲಿ ಕಾಫಿ ಮರದ ಗುಬಟಿನಲ್ಲಿ ಕೂದಲಿನಂಥ ಒಂದು ಸೀಳು ಕಂಡಿತು. ನೀರಿನಂಥ ಅಂಟು ಇಳಿಸಿದ್ದೇನೆ, ಸದ್ಯಕ್ಕೆ ನಿಂತಿದೆ. ಇನ್ನೊಂದು ತುಂಡು ಅಟ್ಟದ ಮೇಲೆ ಹಾಕಿಟ್ಟಿದ್ದೇನೆ. ಈ ಸಲ ತಿರುಳನ್ನು ಹಸಿಯಿರುವಾಗಲೇ ಕೊರೆದು ತೆಗೆದಿದ್ದೇನೆ.