ಹಳ್ಳ ದಾಟಿ ಬಂದ ಜೀಪಿನ ಡಿಫರೆನ್ಶಿಯಲ್ ಆಯಿಲ್ ನೋಡುವುದು ಹೇಗೆ?

ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ ಓಡುವ ಜೀಪಿಗೆ ಹಳ್ಳ ದಾಟುವುದು ದಿನದ ಕೆಲಸ. ಮನೆಗೆ ಬಂದ ಮೇಲೆ ಕೆಸರು ತೊಳೆಯುತ್ತೇವೆ, ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡುತ್ತೇವೆ. ಹಿಂದಿನ ಆಕ್ಸಲ್ ನಡುವೆ ಇರುವ ಗುಂಡು ಹೌಸಿಂಗ್, ಅಂದರೆ ಡಿಫರೆನ್ಶಿಯಲ್ ಕಡೆ ಬಗ್ಗಿ ನೋಡುವವರು ಕಡಿಮೆ. ಇಂಜಿನ್ ಶಕ್ತಿಯನ್ನು ಚಕ್ರಗಳಿಗೆ ದಾಟಿಸುವ ಕ್ರೌನ್, ಪಿನಿಯನ್ ಗೇರ್ ಹಲ್ಲುಗಳು ತಿರುಗುವುದು ಅದರೊಳಗೇ.

ಎರಡು ಮಳೆಗಾಲದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ನಮ್ಮ ಜೀಪಿಗೆ ಆಯಿಲ್ ಕಡಿಮೆ ಇದೆ ಅಂತ ಸುಮ್ನೆ ಮೇಲಿಂದ ತುಂಬಿಸಿ ಕಳಿಸಿದರು. ಬಣ್ಣ ಯಾರೂ ನೋಡಲಿಲ್ಲ. ಒಳಗೆ ನೀರಿತ್ತು. ಕೆಲವೇ ತಿಂಗಳಲ್ಲಿ ಹಿಂದಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಬಿಚ್ಚಿದರೆ ಪಿನಿಯನ್ ಬೇರಿಂಗ್ ಹೋಗಿತ್ತು. ಅದಕ್ಕೇ ಹೇಳುತ್ತೇನೆ, ಮಟ್ಟ ನೋಡುವಾಗ ಬಣ್ಣವನ್ನೂ ನೋಡಿ.

ನೀರು ಒಳಗೆ ಹೋಗುವುದು ಹೇಗೆ? ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆಕ್ಸಲ್ ಮೇಲೆ ಗಾಳಿಯಾಡಲು ಬ್ರೀದರ್ ಅಂತ ಒಂದು ಚಿಕ್ಕ ದಾರಿ ಇರುತ್ತದೆ. ಅದು ನೀರಿನಲ್ಲಿ ಮುಳುಗಿದರೆ ನೀರು ಅಲ್ಲಿಂದಲೇ ಹೋಗುತ್ತದೆ. ಕೆಸರು ಕಟ್ಟಿದ್ದರೆ, ಆಯಿಲ್ ಹೊರಬಾರದಂತೆ ತಡೆಯುವ ಆಯಿಲ್ ಸೀಲ್ ಸಂದಿಯಿಂದ ಹೋಗುತ್ತದೆ.

ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಕಡೆ ಕಾಫಿ ಒಣಗಿಸುವ ಸಿಮೆಂಟ್ ಕಣ ಮಳೆಗಾಲದಲ್ಲಿ ಖಾಲಿ ಇರುತ್ತದೆ. ಅಡಿಗೆ ಟಾರ್ಪಾಲ್ ಹಾಸಿ, ಆಯಿಲ್ ಚೆಲ್ಲಿದರೆ ಮುಂದೆ ಅಲ್ಲೇ ಕಾಫಿ ಹರಡಬೇಕಲ್ವಾ? ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಒಂದು ಬದಿಗೆ ಜಾಕ್ ಕೊಟ್ಟರೆ ಆಕ್ಸಲ್ ವಾಲಿ ಮಟ್ಟ ತಪ್ಪು ತೋರಿಸುತ್ತದೆ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗಲೇಬೇಡಿ. ಅರ್ಧ ಗಂಟೆ ಆರಲು ಬಿಡಿ.

ಹೌಸಿಂಗ್‌ನಲ್ಲಿ ಸಾಮಾನ್ಯವಾಗಿ ಎರಡು ಪ್ಲಗ್ ಇರುತ್ತವೆ. ಮೇಲಿನದು ತುಂಬಿಸಲು, ಕೆಳಗಿನದು ಇಳಿಸಲು. ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ನಾವೇ ಒಳಗೆ ಮರಳು ಹಾಕಿದಂತೆ. ಯಾವಾಗಲೂ ಮೇಲಿನದನ್ನೇ ಮೊದಲು ಬಿಚ್ಚಿ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಇಳಿದ ಮೇಲೆ ಮೇಲಿನದು ಕದಲದೇ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಈಗ ತೂತಿನೊಳಗೆ ಕಿರುಬೆರಳು ಹಾಕಿ ಕೆಳಕ್ಕೆ ಬಗ್ಗಿಸಿ. ಹೆಚ್ಚಿನ ಗಾಡಿಗಳಲ್ಲಿ ಆಯಿಲ್ ತೂತಿನ ಕೆಳ ಅಂಚಿನವರೆಗೆ ಇರಬೇಕು. ನಿಮ್ಮ ಗಾಡಿಗೆ ಬೇರೆ ಅಳತೆ ಇದೆಯೇ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಬೆರಳಿಗೆ ಅಂಟಿದ ಆಯಿಲನ್ನು ಬೆಳಕಿಗೆ ಹಿಡಿಯಿರಿ. ಜೇನಿನ ಬಣ್ಣವಿದ್ದರೂ, ಓಡಿ ಓಡಿ ಕಪ್ಪಾಗಿದ್ದರೂ ತಿಳಿಯಾಗಿ ಹೊಳೆಯುತ್ತಿದ್ದರೆ ಭಯವಿಲ್ಲ. ಹಾಲು ಬೆರೆಸಿದ ಕಾಫಿಯಂತೆ ಕದಡಿದ್ದರೆ ನೀರು ಸೇರಿದೆ. ಆಗ ತುಂಬಿಸುವ ಮಾತೇ ಇಲ್ಲ, ಪೂರ್ತಿ ಇಳಿಸಿ ಹೊಸದು ಹಾಕಬೇಕು. ರಾತ್ರಿಯೆಲ್ಲ ನಿಂತ ಗಾಡಿಯಾದರೆ ಕೆಳಗಿನ ಪ್ಲಗ್ ಸಡಿಲಿಸಿದಾಗ ಮೊದಲು ನೀರೇ ತೊಟ್ಟಿಕ್ಕುವುದೂ ಉಂಟು.

ಕೆಳಗಿನ ಪ್ಲಗ್‌ಗೆ ಮ್ಯಾಗ್ನೆಟ್ ಇದ್ದರೆ ಅದನ್ನೂ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ. ಉಗುರಿಗೆ ಸಿಗುವ ಚೂರು ಬಂದರೆ ಮೆಕ್ಯಾನಿಕ್ ಬಳಿ ಹೋಗಿ.

ಬಣ್ಣ ಸರಿಯಿದ್ದು ಮಟ್ಟ ಮಾತ್ರ ಇಳಿದಿದ್ದರೆ ಮ್ಯಾನುಯಲ್ ಹೇಳಿದ ಆಯಿಲ್ಲೇ ಹಾಕಿ. ನಮ್ಮ ಜೀಪುಗಳಿಗೆ ಜಾಸ್ತಿ ಬಳಸುವುದು ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್. ಗಟ್ಟಿ ಆಯಿಲ್, ಸುರಿಯಲು ಜಾಗವೂ ಇಕ್ಕಟ್ಟು. ದೊಡ್ಡ ಸಿರಿಂಜ್‌ಗೆ ಪೈಪ್ ಸಿಕ್ಕಿಸಿಕೊಂಡರೆ ಸುಲಭ. ತೂತಿನಿಂದ ಹೊರಗೆ ಬರಲು ಶುರುವಾದಾಗ ನಿಲ್ಲಿಸಿ, ಹೆಚ್ಚಿನದು ಹರಿದುಹೋಗಲಿ. ವಾಷರ್ ಹೊಸದು ಹಾಕಿ ಪ್ಲಗ್ ಬಿಗಿ ಮಾಡಿ.

ಆಯಿಲ್ ಸುಮ್ನೆ ಕಡಿಮೆಯಾಗುವುದಿಲ್ಲ, ಎಲ್ಲೋ ಸೋರಿರುತ್ತದೆ. ಶಾಫ್ಟ್ ಬಂದು ಹೌಸಿಂಗ್‌ಗೆ ಸೇರುವ ಕಡೆಯ ಪಿನಿಯನ್ ಸೀಲ್ ಸುತ್ತ, ಹಿಂದಿನ ಚಕ್ರಗಳ ಒಳಬದಿ ಟಾರ್ಚ್ ಹಾಕಿ ನೋಡಿ. ಚಕ್ರದ ಕಡೆಯ ಸೀಲ್ ಹೋಗಿದ್ದರೆ ಆಯಿಲ್ ಬ್ರೇಕ್ ಲೈನರ್‌ಗೆ ತಾಗಿ ಹಿಡಿತವೇ ತಪ್ಪುತ್ತದೆ. ಹಾಗಿದ್ದರೆ ಆ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿಯಬೇಡಿ. ಫೋರ್‌ವೀಲ್ ಡ್ರೈವ್ ಆದರೆ ಮುಂದಿನ ಡಿಫರೆನ್ಶಿಯಲ್‌ಗೂ ಇದೇ ಪರೀಕ್ಷೆ.

ಇಳಿಸಿದ ಆಯಿಲನ್ನು ಕ್ಯಾನ್‌ಗೆ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಜಾವಳಿ ಹತ್ತಿರ ಹುಟ್ಟುವ ಹೇಮಾವತಿಗೆ ನಮ್ಮ ಹಳ್ಳಗಳೇ ಸೇರುತ್ತವೆ, ಹಳ್ಳಕ್ಕೆ ಸುರಿಯಬೇಡಿ.

ಬ್ರೀದರ್ ಬಿಚ್ಚಿ ತೊಳೆದು ಹಾಕಿ. ಅದಕ್ಕೆ ಉದ್ದನೆ ಪೈಪ್ ಜೋಡಿಸಿ ಮೇಲಕ್ಕೆ ಕಟ್ಟಿಸಿದರೆ ಇನ್ನೂ ಒಳ್ಳೆಯದು. ನೀರು ಸೇರಿದ ಗಾಡಿಯಾದರೆ ಹೊಸ ಆಯಿಲ್ ಹಾಕಿ ಕೆಲವು ದಿನ ಓಡಿಸಿದ ಮೇಲೆ ಮತ್ತೆ ಬೆರಳು ಹಾಕಿ ನೋಡಿ. ಆಕ್ಸಲ್ ಕೊಳವೆಯಲ್ಲಿ ಉಳಿದಿದ್ದ ನೀರು ಬೆರೆತು ಬಣ್ಣ ಮತ್ತೆ ಕದಡಿದ್ದರೆ ಇನ್ನೊಮ್ಮೆ ಬದಲಿಸಬೇಕು.