ಕಾದಂಬರಿಯೊಳಗಿನ ಕಾಗದಗಳು

ಹಳೆಯ ಪುಸ್ತಕಗಳ ಪಠ್ಯವನ್ನು ಸ್ವಯಂಸೇವಕರು ತಿದ್ದಿ ಜಾಲಕ್ಕೆ ಏರಿಸುವ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಕಾದಂಬರಿಯೊಂದರ ಪುಟ ತಿದ್ದುವಾಗ ನಾನು ಹೆಚ್ಚು ಒದ್ದಾಡಿದ್ದು ಅದರೊಳಗಿನ ಕಾಗದಗಳ ಜೊತೆ. ನಾಲ್ಕು ಅಧ್ಯಾಯಕ್ಕೊಮ್ಮೆ ಯಾರಾದರೂ ಯಾರಿಗಾದರೂ ಬರೆಯುತ್ತಲೇ ಇದ್ದರು. ಎಡಕ್ಕೆ ‘ಕ್ಷೇಮ’, ನಡುವೆ ‘ಶ್ರೀ’, ಬಲಕ್ಕೆ ಊರು, ತಾರೀಖು. ಓಸಿಆರ್, ಅಂದರೆ ಸ್ಕ್ಯಾನ್ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ, ಎಲ್ಲವನ್ನೂ ಒಂದೇ ಸಾಲಿಗೆ ಎಳೆದು ‘ಕ್ಷೇಮ ಶ್ರೀ ಮೈಸೂರು’ ಅಂತ ಯಾರದೋ ಹೆಸರಿನ ಹಾಗೆ ಮಾಡಿಟ್ಟಿತ್ತು.

ಮೊದಲ ಕಾಗದದಲ್ಲಿ ಸ್ಪೇಸ್ ಬಾರ್ ಒತ್ತೊತ್ತಿ ತಾರೀಖನ್ನು ಬಲಕ್ಕೆ ತಳ್ಳಿದೆ. ವಿಕಿಯಲ್ಲಿ ಸಾಲಿನ ಮೊದಲಲ್ಲೇ ಖಾಲಿ ಜಾಗ ಬಿಟ್ಟರೆ ಆ ಸಾಲು ಬೇರೆಯೇ ಒಂದು ಡಬ್ಬಿಯೊಳಗೆ ಹೋಗಿ ಕೂರುತ್ತದೆ. ಮೊಬೈಲಿನಲ್ಲಿ ನೋಡಿದರೆ ತಾರೀಖು ಪರದೆಯಾಚೆ! ಈಗ ತಾರೀಖಿಗೂ ಸಹಿಗೂ ಬಲಕ್ಕೆ ಜೋಡಿಸುವ ಡಿವ್ ಟ್ಯಾಗ್ ಹಾಕುತ್ತೇನೆ. ಟ್ಯಾಗ್ ಅಂದರೆ ಪಠ್ಯ ಹೇಗೆ ಕಾಣಬೇಕೆಂದು ಹೇಳುವ ಗುರುತು, ಮೊದಲಲ್ಲಿ ತೆರೆದು ಕೊನೆಯಲ್ಲಿ ಮುಚ್ಚಬೇಕು. ವಿಳಾಸದ ಸಾಲುಗಳು ಒಂದಕ್ಕೊಂದು ಅಂಟದಿರಲು ಪೊಯಮ್ ಟ್ಯಾಗ್. ವಿಳಾಸಕ್ಕೆ ಪದ್ಯದ ಟ್ಯಾಗೇ ಎಂದು ನಗಬೇಡಿ, ಕೆಲಸ ಆಗುತ್ತದೆ. ಅಚ್ಚಿನಲ್ಲಿ ಎಷ್ಟು ಅಂಗುಲ ಜಾಗ ಬಿಟ್ಟಿದ್ದರು ಎಂದು ಅಳೆಯುವುದನ್ನು ಬಿಟ್ಟಿದ್ದೇನೆ. ಯಾವುದು ಎಡ, ಯಾವುದು ಬಲ ಎಂದು ಗೊತ್ತಾದರೆ ಸಾಕು.

ಕಾಗದ ಮುಂದಿನ ಪುಟಕ್ಕೆ ಹರಿದರೆ ಇನ್ನೊಂದು ರಗಳೆ. ಒಂದು ಪುಟದಲ್ಲಿ ತೆರೆದ ಟ್ಯಾಗನ್ನು ಅಲ್ಲೇ ಮುಚ್ಚದಿದ್ದರೆ ಪುಟ ಕೆಡುತ್ತದೆ. ಮುಚ್ಚಿದರೆ ಪುಟಗಳನ್ನು ಸೇರಿಸಿ ಅಧ್ಯಾಯ ಜೋಡಿಸಿದಾಗ ಕಾಗದ ಎರಡು ತುಂಡು. ತಿದ್ದುವ ಪುಟದಲ್ಲಿ ಮೇಲೊಂದು, ಕೆಳಗೊಂದು ಪ್ರತ್ಯೇಕ ಚೌಕ ಇರುತ್ತದೆ. ಅಲ್ಲಿ ಹಾಕಿದ್ದು ಅಧ್ಯಾಯಕ್ಕೆ ಬರುವುದಿಲ್ಲ. ಮುಚ್ಚುವ ಟ್ಯಾಗನ್ನು ಕೆಳಚೌಕಕ್ಕೆ, ಮತ್ತೆ ತೆರೆಯುವುದನ್ನು ಮುಂದಿನ ಪುಟದ ಮೇಲ್ಚೌಕಕ್ಕೆ ಹಾಕಿದೆ. ಹೊಲಿಗೆ ಕಾಣಲಿಲ್ಲ.

ನಿಜವಾಗಿ ಎಡವಿದ್ದು ಆಳುಮಗನ ಕಾಗದದಲ್ಲಿ. ‘ಓದ ವಾರ ಅಸು ಈಯಿತು’ ಎಂದಿತ್ತು. ಓಸಿಆರ್ ಮಾಡಿದ ತಪ್ಪೆಂದು ಎಲ್ಲ ಕಡೆ ‘ಹ’ ಸೇರಿಸಿ, ಪುಟವನ್ನು ಹಳದಿ ಮಾಡಿ, ಅಂದರೆ ಒಂದು ಸಲ ಕರಡು ತಿದ್ದಿದ್ದಾಯಿತೆಂದು ಗುರುತು ಹಾಕಿ, ಉಳಿಸಿದೆ. ಎರಡನೆಯ ಸಲ ನೋಡಿದವರು ಚರ್ಚಾಪುಟದಲ್ಲಿ ಬರೆದರು: ‘ಸ್ಕ್ಯಾನ್ ನೋಡಿ ಸಾರ್.’ ನೋಡಿದರೆ ಅಚ್ಚಿನಲ್ಲೂ ‘ಅಸು’ವೇ. ಮುಂದಿನ ಪುಟದಲ್ಲಿ ಆ ಕಾಗದ ಓದಿ ಯಜಮಾನರ ಮಗಳು ಬಿದ್ದುಬಿದ್ದು ನಗುತ್ತಾಳೆ. ನಾನು ತಿದ್ದಿದ ಕಾಗದದಲ್ಲಿ ಅವಳು ನಗುವಂಥದ್ದು ಏನೂ ಉಳಿದಿರಲಿಲ್ಲ. ಹನ್ನೊಂದು ‘ಹ’ಗಳನ್ನು ಒಂದೊಂದಾಗಿ ತೆಗೆದೆ.