ನನ್ನ ಚೀಟಿಗಳನ್ನು ನಾನೇ ಕೂತು ಓದಿದಾಗ

ನಾನು ರೋಗಿಗಳಿಗೆ ಬರೆದುಕೊಟ್ಟ ಔಷಧಿ ಚೀಟಿಗಳಲ್ಲಿ ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್, ಮಂಡಿಗೆ ನೋವಿನ ಮಾತ್ರೆ, ಅದರ ಜೊತೆ ಹೊಟ್ಟೆಗೆಂದು ಪ್ಯಾಂಟೊಪ್ರಜೋಲ್. ಕೇಳಿದರೆ ಪ್ರತಿಯೊಂದಕ್ಕೂ ಕಾರಣ ಸಿಗುತ್ತದೆ. ಆದರೆ ವೈದ್ಯನ ಕೈ ಯಾವ ಕಡೆ ವಾಲುತ್ತದೆ ಅಂತ ತಿಳಿಯಬೇಕಾದರೆ ನೂರು ಚೀಟಿ ಒಟ್ಟಿಗೆ ಹರವಿಕೊಳ್ಳಬೇಕು. ನಾನು ಮಾಡಿದ್ದು ಅದನ್ನೇ.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲೇ ಇದಕ್ಕೆ ಸುಲಭದ ಅಳತೆಗಳನ್ನು ಕೊಟ್ಟಿದೆ. ಒಂದು ಭೇಟಿಗೆ ಸರಾಸರಿ ಎಷ್ಟು ಔಷಧಿ, ಕಂಪನಿಯ ಬ್ರ್ಯಾಂಡ್ ಬದಲು ಜೆನೆರಿಕ್ (ಔಷಧಿಯ ಮೂಲ) ಹೆಸರಿನಲ್ಲಿ ಎಷ್ಟು, ಎಷ್ಟು ಜನರಿಗೆ ಆ್ಯಂಟಿಬಯೋಟಿಕ್, ಎಷ್ಟು ಜನರಿಗೆ ಇಂಜೆಕ್ಷನ್, ಅಗತ್ಯ ಔಷಧಿಗಳ ಪಟ್ಟಿಯೊಳಗಿನವು ಎಷ್ಟು. ಚೀಟಿಗಳನ್ನು ವರ್ಷದ ಬೇರೆ ಬೇರೆ ತಿಂಗಳಿಂದ, ಆರಿಸದೆ ಎತ್ತಿಕೊಂಡೆ. ನೆಗಡಿಯ ಕಾಲದ್ದೇ ಎತ್ತಿದರೆ ಲೆಕ್ಕ ಎಲ್ಲೋ ಹೋಗಿಬಿಡುತ್ತೆ, ಅಲ್ವಾ? ಇದಕ್ಕೆ ನನ್ನದೇ ಎರಡು ಕಾಲಂ ಸೇರಿಸಿದೆ: ಈ ಔಷಧಿ ಯಾಕೆ, ಯಾವಾಗಿನಿಂದ.

ನಿಜವಾದ ಕೆಲಸ ಮಾಡಿದ್ದು ಈ ಎರಡು ಕಾಲಂಗಳೇ. ಹೊಸದಾಗಿ ಬರೆದ ಔಷಧಿಗಳಿಗೆ ಉತ್ತರ ಸಲೀಸಾಗಿ ತುಂಬಿತು. ತಿಂಗಳು ತಿಂಗಳು ಮುಂದುವರಿಯುವ ಚೀಟಿಗಳಲ್ಲಿ ಮಾತ್ರ ಖಾಲಿ ಜಾಗ ಜಾಸ್ತಿ.

ಒಬ್ಬ ಹಿರಿಯರ ಚೀಟಿಯನ್ನು ಬಿಡಿಸಿ ಹೇಳುತ್ತೇನೆ. ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ. ಅದರ ಕೆಳಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್. ಅದರ ಕೆಳಗೆ ಪೊಟ್ಯಾಶಿಯಂ ಸಿರಪ್. ಹಳೆಯ ಕಾಗದಗಳನ್ನು ತೆಗೆಸಿ ತಾರೀಖು ಹೊಂದಿಸಿದಾಗ ದಾರಿ ಕಂಡಿತು. ಆಮ್ಲೋಡಿಪಿನ್ ಡೋಸ್ ಏರಿದ ಮೇಲೆ ಪಾದ ಊದಿದೆ. ಆ ಊತಕ್ಕೆ ನೀರಿನ ಮಾತ್ರೆ ಬಂದಿದೆ. ಅದು ಪೊಟ್ಯಾಶಿಯಂ ಇಳಿಸಿದ್ದಕ್ಕೆ ಸಿರಪ್ ಬಂದಿದೆ. ಆಮ್ಲೋಡಿಪಿನ್‌ನಿಂದ ಬರುವ ಊತ ದೇಹದಲ್ಲಿ ನೀರು ಹೆಚ್ಚಾಗಿ ಬರುವುದಲ್ಲ, ಸಣ್ಣ ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದರಿಂದ ಬರುವುದು. ನೀರಿನ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಹೃದಯ, ಮೂತ್ರಪಿಂಡ ಎರಡನ್ನೂ ಪರೀಕ್ಷಿಸಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆಮ್ಲೋಡಿಪಿನ್ ಅರ್ಧಕ್ಕೆ ಇಳಿಸಿ, ಬಿಪಿಯದೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಸೇರಿಸಿದೆ. ಟೆಲ್ಮಿಸಾರ್ಟನ್ ಪೊಟ್ಯಾಶಿಯಂ ಏರಿಸುವ ಔಷಧಿ, ಹಾಗಾಗಿ ಸಿರಪ್ ಮೊದಲೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದೆ. ಊತ ಇಳಿಯಿತು, ನೀರಿನ ಮಾತ್ರೆಯೂ ಹೋಯಿತು. "ರಾತ್ರಿ ಎದ್ದೆದ್ದು ಓಡೋದು ತಪ್ಪಿತು ಡಾಕ್ಟ್ರೇ" ಅಂದರು. ಅವರು ಅದನ್ನು ವಯಸ್ಸಿನ ತೊಂದರೆ ಅಂದುಕೊಂಡಿದ್ದರು.

ಗ್ಯಾಸ್ ಮಾತ್ರೆ ಬಿಡಿಸುವುದಕ್ಕೆ ತಾಳ್ಮೆ ಬೇಕು. ನೋವಿನ ಮಾತ್ರೆ ನಿಂತರೂ ಅದರ ಜೊತೆಗಾರ ಪ್ಯಾಂಟೊಪ್ರಜೋಲ್ ಸುಮ್ನೆ ಉಳಿದುಬಿಡುತ್ತದೆ. ತಟ್ಟನೆ ನಿಲ್ಲಿಸಿದರೆ ಕೆಲವು ದಿನ, ಕೆಲವರಿಗೆ ಕೆಲವು ವಾರ, ಎದೆಯುರಿ ಜೋರಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ, "ನೋಡಿ, ನನಗೆ ಮಾತ್ರೆ ಬೇಕೇ ಬೇಕು" ಅಂತ ವಾಪಸ್ ಬರುತ್ತಾರೆ. ಹಾಗಾಗಿ ಡೋಸ್ ಇಳಿಸುತ್ತಾ ಬಿಡಿಸುತ್ತೇನೆ. ಹಿಂದೆ ಹುಣ್ಣಾಗಿ ರಕ್ತ ಹೋದವರಿಗೆ, ರಕ್ತ ತೆಳುವಾಗಿಸುವ ಮಾತ್ರೆಯ ಕಾರಣಕ್ಕೆ ಅದು ಬೇಕಾದವರಿಗೆ ನಿಲ್ಲಿಸುವುದಿಲ್ಲ.

ಗಂಟಲು ನೋವಿಗೆ ಆ್ಯಂಟಿಬಯೋಟಿಕ್ ಬರೆಯುವ ಮುಂಚೆ, ಅದು ಬ್ಯಾಕ್ಟೀರಿಯಾ ಸೋಂಕಿರಬಹುದೇ ಅಂತ ಸುಳಿವು ಕೊಡುವ ನಾಲ್ಕು ವಿಷಯ ನೋಡುತ್ತೇನೆ: ಜ್ವರ, ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಕೆಮ್ಮು ಇಲ್ಲದಿರುವುದು. ಕೆಮ್ಮಿನವರಿಗೆ, ಅದು ಮೂರು ವಾರದವರೆಗೂ ಇರಬಹುದು ಅಂತ ಬಾಯಿಬಿಟ್ಟು ಹೇಳುತ್ತೇನೆ. ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ಆ ದಿನವೇ ಬರಬೇಕು ಅಂತಲೂ ಬರೆದುಕೊಡುತ್ತೇನೆ.

ಈಗ ನನ್ನ ಪ್ರತಿ ಚೀಟಿಯಲ್ಲೂ ಔಷಧಿಯ ಪಕ್ಕ ಕಾರಣ, ಶುರುವಾದ ತಿಂಗಳು, ಮತ್ತೆ ಪರಿಶೀಲಿಸುವ ತಾರೀಖು ಇರುತ್ತದೆ. ಮುಂದಿನ ಸುತ್ತಿನಲ್ಲಿ ಪರಿಶೀಲಿಸಲು ನಿದ್ದೆ ಮಾತ್ರೆಗಳನ್ನು ಎತ್ತಿಕೊಂಡಿದ್ದೇನೆ.